ಅವ್ವನ ಮಷೀನು, ದೇವರ ಎಡಬಲ

ಪುಣೆಯ ನಮ್ಮ ಮನೆಯಲ್ಲಿ ಎರಡು ಕೋಣೆ, ನಾಲ್ಕು ಮಂದಿ, ಒಬ್ಬ ದೇವರು. ಜಾಗ ಹಂಚಿಕೊಳ್ಳುವಾಗ ಅವ್ವನೊಬ್ಬಳನ್ನು ಬಿಟ್ಟು ಉಳಿದ ಎಲ್ಲರಿಗೂ ಪಾಲು ಸಿಕ್ಕಿತ್ತು. ಹೊರಕೋಣೆ ಅಪ್ಪನದು. ಕಿಟಕಿಯ ಕೆಳಗೆ ಅವನ ಕಬ್ಬಿಣದ ಮಂಚ, ಮಂಚದ ಕೆಳಗೆ ಅವನ ಚಪ್ಪಲಿ, ತಲೆದೆಸೆಗೆ ಅವನ ರೇಡಿಯೊ. ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಸಂಜೆ ಬಂದವನೇ ಆ ಮಂಚ ಹತ್ತಿದರೆ ಊಟಕ್ಕಲ್ಲದೆ ಕೆಳಗಿಳಿಯುತ್ತಿರಲಿಲ್ಲ. ಮಂಚದ ಕಾಲ ಬಳಿಯ ನೆಲ ನನ್ನದು. ಎಣ್ಣೆಯ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಒಳಕೋಣೆ ಅಡಿಗೆಮನೆ, ಅದರ ಪೂರ್ವದ ಗೋಡೆಯ ಗೂಡು ದೇವರದು. ಅಡಿಗೆಮನೆಯ ಹಿಂದೆ ಕಿಟಕಿಯೇ ಇಲ್ಲದ, ಒಬ್ಬರು ಕಾಲು ಚಾಚಿ ಮಲಗುವಷ್ಟೇ ಅಗಲದ ಒಂದು ಕತ್ತಲೆ ಮೂಲೆಯಿತ್ತು. ಅಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ತನ್ನ ಟ್ರಂಕು ಮತ್ತು ಕೌದಿಗಳೊಂದಿಗೆ ಇರುತ್ತಿದ್ದಳು. ಅವ್ವ ಎಲ್ಲಿ ನಿಂತಿರುತ್ತಿದ್ದಳೋ, ನಿಂತಿರುವಷ್ಟು ಹೊತ್ತು ಅದು ಅವಳ ಜಾಗ. ಸರಿದ ಕೂಡಲೇ ಅಲ್ಲಿ ಯಾರಾದರೂ ಏನಾದರೂ ತಂದಿಡುತ್ತಿದ್ದರು. ಅವಳ ಸ್ವಂತದ್ದೆಂದರೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಒಂದು ಬಟ್ಟೆಯ ಚೀಲ. ಅದರಲ್ಲಿ ಎರಡು ಪೆನ್ನು, ಒಂದು ಬಾಟಲಿ ಕರಿಶಾಯಿ, ಒಂದು ಅಳತೆಪಟ್ಟಿ, ಸುರುಳಿ ಸುತ್ತಿದ ಟ್ರೇಸಿಂಗ್ ಪೇಪರು ಇರುತ್ತಿದ್ದವು.

ಆ ಚೀಲದ ಕಥೆ ಹೇಳಬೇಕು. ಆಗ ಪುಣೆಯ ಪೇಠೆಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳು ಬೇಕಾದಷ್ಟಿದ್ದವು, ಆದರೆ ಕನ್ನಡದ ಅಕ್ಷರ ಯಾರ ಬಳಿಯೂ ಇರಲಿಲ್ಲ. ನಮ್ಮ ಕಡೆಯ ಮಂದಿಗೆ ಪತ್ರಿಕೆಯ ಒಂದು ಮಗ್ಗುಲು ಮರಾಠಿಯಲ್ಲಿದ್ದರೆ ಇನ್ನೊಂದು ಮಗ್ಗುಲು ಕನ್ನಡದಲ್ಲಿ ಬೇಕು. ಊರ ಕಡೆಯ ಹಿರಿಯರು ಓದಬೇಕಲ್ಲ. ಹಾಗಾಗಿ ಕನ್ನಡದ ಮಗ್ಗುಲನ್ನು ಯಾರಾದರೂ ಒಳ್ಳೆಯ ಅಕ್ಷರದವರು ಟ್ರೇಸಿಂಗ್ ಪೇಪರಿನ ಮೇಲೆ ಕೈಯಿಂದ ಬರೆದು ಕೊಡಬೇಕಾಗಿತ್ತು. ಪ್ರೆಸ್ಸಿನವರು ಆ ಹಾಳೆಯನ್ನು ಮಸಾಲೆ ಬಳಿದ ಪರದೆಗೆ ಹಚ್ಚಿ ಬೆಳಕಿಗೆ ಹಿಡಿದು ತೊಳೆದರೆ, ಬೆಳಕು ಬಿದ್ದಲ್ಲಿ ಮಸಾಲೆ ಗಟ್ಟಿಯಾಗಿ, ಅಕ್ಷರವಿದ್ದಷ್ಟು ಜಾಗ ತೂತಾಗಿ ಉಳಿದು ಶಾಯಿ ಇಳಿಯುತ್ತಿತ್ತು. ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಇಷ್ಟೇ, ಉಳಿದದ್ದು ಕೈಚಳಕ. ಒಳ್ಳೆಯ ಅಕ್ಷರದವರು ಯಾರು ಎಂದರೆ ಕಾತ್ರಜದಿಂದ ಹಡಪಸರದವರೆಗೆ ಎಲ್ಲರೂ ನಮ್ಮ ವಾಡೆಯ, ಅಂದರೆ ವಠಾರದ, ಮೆಟ್ಟಿಲು ತೋರಿಸುತ್ತಿದ್ದರು. ಅವ್ವ ರೊಟ್ಟಿಯ ಹಿಟ್ಟಿನ ಕೈ ತೊಳೆದುಕೊಂಡು, ಅಪ್ಪ ಅಂಗಡಿಗೆ ಹೋದ ಮೇಲೆ ಅವನ ಮಂಚದ ಮೇಲೆ ಹಲಗೆ ಇಟ್ಟು, ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ಅವಳ ಅಕ್ಷರಗಳು ದುಂಡಗೆ, ತೂಕವಾಗಿ, ಹೊಟ್ಟೆ ತುಂಬಾ ಉಂಡವರ ಹಾಗೆ ಕೂತಿರುತ್ತಿದ್ದವು. ಬರೆಸಿಕೊಂಡವರು ಒಂದು ತೆಂಗಿನಕಾಯಿ, ಒಂದು ಕುಬಸದ ಖಣ ಕೊಟ್ಟು ಕೈಮುಗಿದು ಹೋಗುತ್ತಿದ್ದರು. ಯಾರೂ ಹೊಲಿಸಿಕೊಳ್ಳಲಾರದ ಬಣ್ಣಗಳ ಖಣಗಳು ನಮ್ಮ ಮನೆಯಲ್ಲಿ ಎರಡು ಗಂಟಾಗಿದ್ದವು. ಪತ್ರಿಕೆಯ ಅಡಿಯಲ್ಲಿ ಸಣ್ಣಗೆ ಪ್ರೆಸ್ಸಿನವನ ಹೆಸರಿರುತ್ತಿತ್ತು. ಅವ್ವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ.

ನನಗೆ ಹನ್ನೆರಡು ನಡೆಯುತ್ತಿದ್ದಾಗ ಗುರಪ್ಪ ಕಾಕಾನ ಮಗನ ಲಗ್ನ ಬಂತು. ಗುರಪ್ಪ ಕಾಕಾ ಅಪ್ಪನ ದೊಡ್ಡಪ್ಪನ ಮಗ, ಬಟ್ಟೆಯ ವ್ಯಾಪಾರ, ಬಾಯಿ ದೊಡ್ಡದು. ಅವ್ವ ಮೂರು ಮಧ್ಯಾಹ್ನ ಕೂತು ಬರೆದು ಕೊಟ್ಟಳು. ಹದಿನೈದು ದಿನದ ಮೇಲೆ ಕಾಕಾ ಮೆಟ್ಟಿಲು ಅದುರುವಂತೆ ಹತ್ತಿ ಬಂದು, ಪತ್ರಿಕೆಗಳ ಒಂದು ಕಟ್ಟನ್ನು ಅಪ್ಪನ ಮಂಚದ ಮೇಲೆ ಒಗೆದ. ಮರಾಠಿಯ ಮಗ್ಗುಲು ಸರಿಯಾಗಿತ್ತು. ಕನ್ನಡದ ಮಗ್ಗುಲು, ಗಣಪತಿಯ ಶ್ರೀಕಾರದಿಂದ ಹಿಡಿದು ಬೀಗರ ಹೆಸರಿನವರೆಗೆ, ಪೂರ್ತಿ ಮಗುಚಿ ಬಿದ್ದಿತ್ತು. ಎಲ್ಲ ಅಕ್ಷರವೂ ಕನ್ನಡಿಯೊಳಗಿನ ಅಕ್ಷರ.

"ನೋಡು ಮಲ್ಲಪ್ಪಾ, ನಿನ್ನ ಹೇಣ್ತಿ ಬರದ ಚಂದ!" ಎಂದ ಕಾಕಾ ಅಪ್ಪನಿಗೆ. "ಬೀಗರ ಮುಂದ ನನ್ನ ಮರ್ಯಾದಿ ಮೂರಾಬಟ್ಟೆ ಆತು."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಒಂದು ಪತ್ರಿಕೆ ಎತ್ತಿಕೊಂಡು, ಅಪ್ಪ ಗಡ್ಡ ಮಾಡಿಕೊಳ್ಳುವ ಕನ್ನಡಿಯ ಮುಂದೆ ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದಳು. ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ.

"ಬರದಿದ್ದು ನೆಟ್ಟಗ ಅದ ಭಾವಾರ. ಪ್ರೆಸ್ಸಿನಾವ ಹಾಳಿ ಮಗಚಿ ಇಟ್ಟಾನ. ಅವಗ ಕೇಳ್ರಿ."

ಕೇಳಲು ಅವಳೇ ಹೋದಳು, ನನ್ನನ್ನೂ ಕರೆದುಕೊಂಡು. ಪ್ರೆಸ್ಸಿನವನು ಒಳ್ಳೆಯ ಮನುಷ್ಯ, ಪತ್ರಿಕೆಯನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿ, "ತಾಈ, ಆಮ್ಹಾಲಾ ಕಾಯ ಕಳಣಾರ?" ಎಂದ. ನಮಗೇನು ತಿಳಿಯಬೇಕು ಎಂದು. ಅವನಿಗೆ ನಮ್ಮ ಅಕ್ಷರ ಎರಡೂ ಕಡೆಯಿಂದ ಒಂದೇ ಥರ ಜಿಲೇಬಿ. ಟ್ರೇಸಿಂಗ್ ಪೇಪರೋ, ಯಾವ ಕಡೆಯಿಂದ ನೋಡಿದರೂ ಬರಹ ಕಾಣುತ್ತದೆ. ಅವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಮರುದಿನ, ಗುರಪ್ಪ ಕಾಕಾ ಹೊಸ ಪತ್ರಿಕೆಯನ್ನು ಎರಡೂ ಮಗ್ಗುಲು ಮರಾಠಿಯಲ್ಲೇ ಹಾಕಿಸಿದನೆಂದು ಗೊತ್ತಾದಾಗ. "ಕನ್ನಡದ ಉಸಾಬರಿನ ಬ್ಯಾಡ" ಎಂದು ಎಲ್ಲರ ಮುಂದೆ ಹೇಳಿದನಂತೆ. ಆವತ್ತು ಸಂಜೆ ರೊಟ್ಟಿ ಬಡಿಯುತ್ತ ಬಡಿಯುತ್ತ, ಒಲೆಯ ಕಡೆಗೇ ಮುಖ ಮಾಡಿ ಅವ್ವ ಅಂದಳು:

"ನಾ ಒಂದು ಪ್ರಿಂಟಿಂಗ್ ಮಷೀನ್ ತಗೋತೀನಿ. ಮನ್ಯಾಗ ಇಡೂವಂಥಾದ್ದು."

ಅಪ್ಪ ರೇಡಿಯೊದ ದನಿ ಏರಿಸಿದ. ನಮ್ಮ ಮನೆಯಲ್ಲಿ ಆಗುವುದಿಲ್ಲ ಎನ್ನುವ ಮಾತಿಗೆ ಅದು ಮೊದಲನೆಯ ರೂಪ.

ಆಮೇಲೆ ಹೊರಬಿದ್ದ ಸಂಗತಿಗಳು ಒಂದಕ್ಕಿಂತ ಒಂದು ಹೆಚ್ಚಿನವು. ಹೆಂಗಸರಿಗಾಗಿ ಮಧ್ಯಾಹ್ನ ನಡೆಯುತ್ತಿದ್ದ ಪ್ರಿಂಟಿಂಗ್ ಕ್ಲಾಸಿಗೆ ಅವ್ವ ಆಗಲೇ ಒಂದು ತಿಂಗಳು ಹೋಗಿ ಬಂದಿದ್ದಳು, ಮಂಡಿಗೆ ಕಾಯಿಪಲ್ಯ ತರಲು ಹೋಗುತ್ತೇನೆಂದು ಹೇಳಿ. ಮಷೀನು ನೋಡಿ ಇಟ್ಟಿದ್ದಳು. ದುಡ್ಡು ವಾಡೆಯ ಹೆಂಗಸರ ಭಿಶಿಯಲ್ಲಿ, ಅಂದರೆ ತಿಂಗಳ ಚೀಟಿಯಲ್ಲಿ, ಅವಳ ಪಾಳಿಗೆ ಬಂದದ್ದು, ಯಾರ ಹಂಗೂ ಇಲ್ಲದ್ದು, ಹಾಗಾಗಿ ಅಪ್ಪನಿಗೆ ದುಡ್ಡಿನ ಮಾತೆತ್ತಿ ಜಗಳಾಡುವ ಅನುಕೂಲವೂ ಇರಲಿಲ್ಲ. ಉಳಿದದ್ದು ಜಾಗ. ಮಷೀನೆಂದರೆ ಮೇಜಿನಷ್ಟು ದೊಡ್ಡದು: ಕಬ್ಬಿಣದ ಕಾಲು, ಮೇಲೆ ಗಾಜು, ಗಾಜಿನ ಕೆಳಗೆ ಟ್ಯೂಬ್‌ಲೈಟು, ಹಿಂದೆ ಪರದೆಯ ಚೌಕಟ್ಟನ್ನು ಎತ್ತಿ ಇಳಿಸುವ ತಿರುಗಣಿ. ಅದು ಕೂರುವ ಜಾಗ ಮನೆಯಲ್ಲಿ ಒಂದೇ ಒಂದಿತ್ತು, ಕಿಟಕಿಯ ಕೆಳಗೆ, ಅಪ್ಪನ ಮಂಚವಿದ್ದಲ್ಲಿ. ಪರದೆಗೆ ಮಸಾಲೆ ಬಳಿದು ಒಣಗಿಸಲು ಕತ್ತಲೆ ಬೇಕು. ಕತ್ತಲೆಯೂ ಮನೆಯಲ್ಲಿ ಒಂದೇ ಕಡೆಯಿತ್ತು, ಆಯಿಯ ಮೂಲೆಯಲ್ಲಿ.

ಹತ್ತು ದಿನ ಜಗಳ ನಡೆಯಿತು. ಮಾತಿಗಿಂತ ರೊಟ್ಟಿಯ ಬಡಿತದಲ್ಲಿ ಹೆಚ್ಚು. ಆವತ್ತಿನ ಜಗಳ ಯಾವ ಹಂತದಲ್ಲಿದೆ ಎನ್ನುವುದನ್ನು ನಾನು ಮೆಟ್ಟಿಲು ಹತ್ತುವಾಗಲೇ ಕೇಳಿ ತಿಳಿಯುತ್ತಿದ್ದೆ; ಅವ್ವ ಗೆಲ್ಲುತ್ತಿದ್ದರೆ ಬಡಿತ ಒಂದೇ ಸಮ, ರೊಟ್ಟಿ ತೆಳ್ಳಗೆ, ಸೋಲುತ್ತಿದ್ದರೆ ಬಡಿತ ಜೋರು, ರೊಟ್ಟಿ ಒಡೆದು ಚೂರು. ಅಪ್ಪನದು ದಿನಕ್ಕೊಂದು ತಕರಾರು. ಥಿನ್ನರಿನ ವಾಸನೆಗೆ ತಲೆನೋವು ಬರುತ್ತದೆ. ಕಂಡಕಂಡವರು ಮನೆಯ ಬಾಗಿಲು ತಟ್ಟುತ್ತಾರೆ. ಕೊನೆಗೆ ಒಂದು ಸಂಜೆ ಅವನ ಬಾಯಿಂದ ನಿಜ ಹೊರಬಿತ್ತು.

"ಮಂದಿ ನನ್ನ ಏನಂತಾರ? ಪ್ರೆಸ್ಸಿನಾಕಿ ಗಂಡ ಅಂತಾರ."

"ಈಗ ಏನಂತಾರ್ರಿ?" ಎಂದಳು ಅವ್ವ. "ಬೆಲ್ಲದ ಅಂಗಡಿ ಗುಮಾಸ್ತ ಅಂತಾರ. ಅದಕ್ಕಿಂತ ಇದೇನ ಸಣ್ಣ ಹೆಸರಲ್ಲ."

ಅವ್ವನ ಹೆಸರು ಶಾಂತಾ. ಹೆಸರಿಟ್ಟವರು ಅವಳು ಬಾಯಿ ಬಿಡುವ ತನಕ ಕಾಯಬೇಕಾಗಿತ್ತು ಎಂದು ಆಯಿ ಆಗಾಗ ಹೇಳುತ್ತಿದ್ದಳು. ಆಯಿಯ ವಿರೋಧ ಅಪ್ಪನದರ ಹಾಗಲ್ಲ, ಅದು ಗಟ್ಟಿ ನೆಲದ್ದು. ಮಡಿಯಲ್ಲಿ ನೈವೇದ್ಯ ಮಾಡುವ ಒಲೆಯಿಂದ ನಾಲ್ಕು ಹೆಜ್ಜೆಯಾಚೆ ಹೆಸರು ಗೊತ್ತಿಲ್ಲದ ರಾಸಾಯನಿಕ ಕಲಸುವುದೆಂದರೇನು? "ದೇವರ ಗೂಡಿನ ಹಿಂದ ಪ್ರೆಸ್ಸೇನವಾ?" ಎಂದು ಒಂದೇ ಸಲ ಕೇಳಿ, ಮೂಲೆಗೆ ಹೋಗಿ ಗೋಡೆಯ ಕಡೆ ಮಗ್ಗುಲಾದಳು. ಅವಳ ಬೆನ್ನು ಮಾತಾಡುವಷ್ಟು ಅಪ್ಪನ ಬಾಯಿ ಮಾತಾಡುತ್ತಿರಲಿಲ್ಲ.

ಆ ದಿನಗಳಲ್ಲಿ ನೀರಿನ ನಳದ ಸಾಲಿನಲ್ಲಿ ನಿಂತಾಗ ಅವ್ವ ನನಗೆ ಒಂದು ಹಳೆಯ ಮಾತು ಹೇಳಿದಳು. ನಾನು ಮೂರು ವರ್ಷದವಳಿದ್ದಾಗ ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಅವಳನ್ನು ಟೀಚರ್ ಆಗಿ ಬರಲು ಕೇಳಿದ್ದರಂತೆ. ಅವಳ ಅಕ್ಷರ ನೋಡಿಯೇ ಕೇಳಿದ್ದು. ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ದೇವರಿಗೆ ಹೂ ಹಚ್ಚಿ ಕೇಳಿದರು. ಎಡಗಡೆಯ ಹೂ ಬಿತ್ತು. ದೇವರು ಬೇಡ ಅಂದ, ಮುಗಿಯಿತು. "ಎಂಟು ದಿನ ಅತ್ತೆ. ಆಮ್ಯಾಲೆ ದೇವರ ಮಾತ ಮೀರೂದ ಹೆಂಗ ಅಂತ ಸುಮ್ಮನಾದೆ" ಎಂದು ಹೇಳಿ ಅವ್ವ ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಹೇಳುವಾಗ ಅವಳ ದನಿಯಲ್ಲಿ ಅಳು ಇರಲಿಲ್ಲ. ಆದರೆ ಆ ಶಾಲೆಯ ಮುಂದಿನ ರಸ್ತೆಯಲ್ಲಿ ಅವಳು ಯಾವತ್ತೂ ನಡೆಯುತ್ತಿರಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದಳು ಎನ್ನುವುದು ನನಗೆ ಆವತ್ತು ಹೊಳೆಯಿತು.

ಹೂ ಹಚ್ಚಿ ಕೇಳುವುದೆಂದರೆ ಹೀಗೆ. ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ಮೇಲೆ ಜೇಜುರಿಯ ಖಂಡೋಬಾನಲ್ಲೇ ಅವನನ್ನು ಕಂಡುಕೊಂಡು ವರ್ಷಕ್ಕೊಮ್ಮೆ ಅರಿಶಿನದ ಭಂಡಾರ ಹಾರಿಸಿ ಬರುತ್ತಿದ್ದೆವು. ಗೂಡಿನಲ್ಲಿ ಗೇಣುದ್ದದ, ಕುದುರೆಯ ಮೇಲೆ ಕೂತ ಹಿತ್ತಾಳೆಯ ಮೂರ್ತಿ. ಮನಸ್ಸು ಎರಡಾದಾಗ ಮೂರ್ತಿಯ ಎರಡು ಭುಜಗಳಿಗೆ ಸೇವಂತಿಗೆಯ ಒದ್ದೆ ಎಸಳು ಒಂದೊಂದು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಅಜ್ಜ ಇರುವ ತನಕ ಅಜ್ಜ ಕೇಳುತ್ತಿದ್ದನಂತೆ. ಅವನ ತರುವಾಯ ಆ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಕೇಳುವವನೂ ಅಪ್ಪ, ಬಿದ್ದದ್ದನ್ನು ಓದಿ ಹೇಳುವವನೂ ಅಪ್ಪ.

ಹತ್ತು ದಿನದ ಜಗಳದಲ್ಲಿ ಒಂದು ತಕರಾರೂ ಉಳಿಯದೆ ಹೋದಾಗ ಅಪ್ಪ ಕೊನೆಯ ಬಾಣ ತೆಗೆದ. "ಐತ್ವಾರ ದೇವರಿಗೆ ಕೇಳೂಣು. ಅಂವ ಹೂಂ ಅಂದ್ರ ಮಂಚಾ ನಾನ ಎತ್ತತೀನಿ." ಅವ್ವ ಹಿಟ್ಟು ನಾದುತ್ತಲೇ ಇದ್ದಳು. ಬೇಡ ಅಂದರೆ ದೇವರಿಗೆ ಹೆದರಿದಳು ಅನ್ನುತ್ತಾರೆ, ಹೂಂ ಅಂದರೆ ಬಲೆಗೆ ಬಿದ್ದಂತೆ. ಆ ನಾಲ್ಕು ದಿನ ರೊಟ್ಟಿ ಬಡಿಯುವ ಸದ್ದು ತೀರಾ ಸಣ್ಣದಾಯಿತು. ಮಧ್ಯಾಹ್ನಗಳಲ್ಲಿ ಮಾತ್ರ ಅವಳು ನನ್ನನ್ನು ಕೂರಿಸಿಕೊಂಡು ಟ್ರೇಸಿಂಗ್ ಪೇಪರಿನ ಮೇಲೆ ನನ್ನ ಹೆಸರು ಬರೆಸಿ, ಹಾಳೆ ಮಗುಚಿ, ಯಾವುದು ಮೇಲ್ಮೈ ಯಾವುದು ಕೆಳಮೈ ಎಂದು ಕೇಳುತ್ತಿದ್ದಳು. ನಾನು ತಪ್ಪು ಹೇಳಿದರೆ ತಲೆಗೊಂದು ಮೊಟಕು.

"ಪಾರೂ, ಎಡಾ ಬಲಾ ಅಂತ ಸುಮ್ಮ ಬಾಯಿಗೆ ಬಂದದ್ದ ಹೇಳಬ್ಯಾಡ. ಯಾರ ಕಡಿಂದ ನೋಡಾಕತ್ತಿ ಅನ್ನೋದನ್ನ ಮದಲ ಕೇಳ್ಕೋ."

ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಪಂಚೆ ಉಟ್ಟು ಗೂಡಿನ ಮುಂದೆ ಕೂತ. ಆಯಿ ಅವನ ಪಕ್ಕದಲ್ಲಿ, ಜಪಸರ ಹಿಡಿದು. ಅವ್ವ ಒಲೆಯ ಬಳಿ ನಿಂತಿದ್ದಳು, ಕೂರಲಿಲ್ಲ. ನಾನು ಹೊಸ್ತಿಲ ಮೇಲೆ. ಅಪ್ಪ ಎಸಳುಗಳನ್ನು ತಾಮ್ರದ ಬಟ್ಟಲಿನಲ್ಲಿ ಅದ್ದಿ ಅಂಟಿಸಿ, ಕಣ್ಣು ಮುಚ್ಚಿ, ಮಷೀನು ತರಬೇಕೋ ಬೇಡವೋ ಎಂದು ಗಟ್ಟಿಯಾಗಿ ಕೇಳಿದ. ಅವ್ವ ಮಾಡಿಟ್ಟ ಅವಲಕ್ಕಿ ಆರುತ್ತಿತ್ತು. ವಾಡೆಯ ಅಂಗಳದಲ್ಲಿ ಯಾರೋ ಕಂಬಳಿ ಬಡಿಯುತ್ತಿದ್ದರು. ಎಷ್ಟು ಹೊತ್ತಾಯಿತೋ, ನನ್ನ ಕಾಲಿಗೆ ಜುಮ್ಮು ಹಿಡಿಯಿತು. ಆಮೇಲೆ ಒಂದು ಎಸಳು ಸರಿಯಿತು, ತಡೆಯಿತು, ಕುದುರೆಯ ಕುತ್ತಿಗೆಯ ಮೇಲೆ ಬಿದ್ದು ಕೆಳಗೆ ಜಾರಿತು. ಅಪ್ಪನ ಎಡಗೈಯ ಕಡೆಯದು.

"ಎಡಗಡೆ" ಎಂದ ಅಪ್ಪ. ಗೆದ್ದವನ ದನಿಯಲ್ಲ, ಬಿಡುಗಡೆಯಾದವನ ದನಿ. "ದೇವರ ಬ್ಯಾಡ ಅಂದಾನ. ಇನ್ನ ಆ ಮಾತ ಎತ್ತಬ್ಯಾಡ ನೋಡು."

ನಾನು ಅವ್ವನನ್ನು ನೋಡಿದೆ. ಅವಳ ಮುಖದಲ್ಲಿ ಒಂಬತ್ತು ವರ್ಷದ ಹಿಂದಿನ ಆ ಎಂಟು ದಿನಗಳು ಬಂದು ಕೂತಿದ್ದವು. ಅದನ್ನು ನೋಡಲಾರದೆ ಬಾಯಿ ತೆರೆದೆನೋ, ಅಥವಾ ನಾಲ್ಕು ದಿನದಿಂದ ತಿಂದ ಮೊಟಕುಗಳು ಮಾತಾಡಿದವೋ, ಈಗಲೂ ಗೊತ್ತಿಲ್ಲ.

"ಅಪ್ಪಾ, ಯಾರ ಎಡ? ನಿಂದೋ, ದೇವರದೋ?"

"ಏನಂದಿ?"

"ದೇವರ ನಿನ್ನ ಕಡೆ ಮಾರಿ ಮಾಡಿ ಕುಂತಾನಲ್ಲ. ನಿನ್ನ ಎಡ ಅವನ ಬಲ."

ಅಪ್ಪನ ಕೈ ಮೇಲೆದ್ದಿತು. ಅವನು ನನ್ನನ್ನು ಹೊಡೆದದ್ದು ಕಡಿಮೆ, ಆವತ್ತು ಹೊಡೆಯುತ್ತಿದ್ದ. "ಬಾಯಿ ಮುಚ್ಚು. ದೇವರ ಮುಂದ ತಲಿಹರಟಿ!" ಎಂದ. ಅವನ ಕೈ ಬೀಳುವ ಮುಂಚೆ ಆಯಿ ಜಪಸರ ನೆಲದ ಮೇಲೆ ಇಟ್ಟ ಸದ್ದಾಯಿತು.

"ಬಿಡು ಮಲ್ಲಪ್ಪಾ. ಹುಡಿಗಿ ಖರೇ ಹೇಳಾಕತ್ತೇತಿ. ದೇವರದ್ದ ಬಲ ಹಿಡಿಬೇಕು. ನಿಮ್ಮಪ್ಪ ಹಂಗ ಹಿಡಿತಿದ್ದ. ಮೈಲಾರದ ಪೂಜಾರಿನೂ ಹಂಗ ಹಿಡಿತಿದ್ದ."

ಅಪ್ಪನ ಕೈ ಗಾಳಿಯಲ್ಲೇ ಉಳಿಯಿತು. ಆಯಿ ಅವನನ್ನು ನೋಡುತ್ತಿರಲಿಲ್ಲ, ತನ್ನ ಮಡಿಲನ್ನು ನೋಡುತ್ತಿದ್ದಳು. ಅವ್ವ ಒಲೆಯ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದಳು.

"ಅತ್ತ್ಯಾರ, ಸಾಲಿ ನೌಕರಿ ಕೇಳಿದಾಗ ಬಿದ್ದದ್ದೂ ಇದ ಕಡೀದು."

ಆಯಿ ತಲೆ ಎತ್ತಲಿಲ್ಲ.

"ಅವತ್ತೂ ಇದ ಕಡೀದು" ಎಂದಳು ಅವ್ವ ಮತ್ತೊಮ್ಮೆ. "ನಿಮಗ ಗೊತ್ತಿತ್ತೇನು?"

"ಗೊತ್ತಿತ್ತವಾ." ಆಯಿಯ ದನಿ ಎಷ್ಟು ಸಣ್ಣಗಿತ್ತೆಂದರೆ ಕಂಬಳಿ ಬಡಿಯುವ ಸದ್ದಿಗೆ ಅರ್ಧ ಮುಚ್ಚಿಹೋಯಿತು. "ಮಲ್ಲಪ್ಪ ಅವತ್ತ ಮದಲನೇ ಸಲ ಕೇಳಾಕ ಕುಂತಿದ್ದ. ತಪ್ಪ ಓದಿದ. ನಾ ಬಾಯಿ ಬಿಡಬೇಕಾಗಿತ್ತು. ನೀ ಹೊರಗ ದುಡ್ಯಾಕ ಹೋದರ ಮನಿ ನನ್ನ ಮ್ಯಾಲೆ ಬೀಳತದ ಅಂತ ಅನಸ್ತು. ಸುಮ್ಮನಾದೆ. ಒಮ್ಮೆ ಸುಮ್ಮನಾದ ಮ್ಯಾಲೆ ಮುಂದ ಹೆಂಗ ಹೇಳಲಿ?"

ಅಪ್ಪ ಕೈ ಇಳಿಸಿ ಮೂರ್ತಿಯನ್ನೇ ನೋಡುತ್ತ ಕೂತಿದ್ದ. ನಡುವೆ ಒಮ್ಮೆ, ಯಾರಿಗೂ ಅಲ್ಲದಂತೆ, "ಹಂಗಾದ್ರ ಸ್ಕೂಟರ್ ತಗೋ ಅಂತ ಅಂದಿದ್ದನೇನು?" ಎಂದು ಗೊಣಗಿದ. ಮೂರು ವರ್ಷದ ಹಿಂದೆ ಸ್ಕೂಟರಿಗೂ ಹೂ ಹಚ್ಚಿ ಕೇಳಿ, ಬೇಡ ಎನ್ನಿಸಿಕೊಂಡು, ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ ಪಾಪದವನು. ಬೇರೆ ದಿನವಾಗಿದ್ದರೆ ನಾವೆಲ್ಲ ನಕ್ಕುಬಿಡುತ್ತಿದ್ದೆವು.

ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಆಯಿಯ ಮೇಲೆ ಎರಗುತ್ತಾಳೆ ಎಂದೂ ಹೆದರಿದ್ದೆ. ಅವಳು ಗೂಡಿನ ಮುಂದೆ ಬಂದು, ಮೂರ್ತಿಯ ಇನ್ನೊಂದು ಭುಜದ ಮೇಲೆ ಉಳಿದಿದ್ದ ಎಸಳನ್ನು ಎರಡು ಬೆರಳಿನಿಂದ ತೆಗೆದು ಬಟ್ಟಲಿಗೆ ಹಾಕಿದಳು.

"ಕೇಳ್ರಿ ಇಬ್ರೂ" ಎಂದಳು. "ದೇವರ ಹೂಂ ಅಂದಾನ ಅಂತ ನಾ ಮಷೀನ್ ತರಂಗಿಲ್ಲ. ನನಗ ಬೇಕಾಗೇದ ಅಂತ ತರ್ತೀನಿ. ಇವತ್ತ ಆ ಕಡೀದು ಬಿದ್ದಿದ್ರೂ ತರ್ತಿದ್ದೆ. ಇನ್ನ ಮುಂದ ನನ್ನ ಮಾತ ನನಗ ಕೇಳ್ರಿ. ದೇವರಿಗೆ ಅವನ ಕೆಲಸ ಭಾಳ ಅದಾವ, ನನ್ನ ಉಸಾಬರಿ ಅವನ ಮ್ಯಾಲೆ ಹಾಕಬ್ಯಾಡ್ರಿ."

ಆಮೇಲೆ ನಾಲ್ಕು ತಾಟಿನಲ್ಲಿ ಅವಲಕ್ಕಿ ಬಡಿಸಿದಳು. ಆರಿ ತಣ್ಣಗಾಗಿತ್ತು. ಎಲ್ಲರೂ ತಿಂದೆವು.

ಈ ಬೆಳಿಗ್ಗೆಯ ನಂತರ ನನಗೆ ಒಂದು ಚಟ ಅಂಟಿಕೊಂಡಿತು, ಅದು ಇವತ್ತಿಗೂ ಬಿಟ್ಟಿಲ್ಲ. ಯಾರಾದರೂ ಆಗುವುದಿಲ್ಲ, ಹಾಗಿಲ್ಲ, ಪದ್ಧತಿಯಲ್ಲ ಎಂದರೆ, ಯಾರ ಕಡೆಯಿಂದ ನೋಡಿ ಹೇಳುತ್ತಿದ್ದೀರಿ ಎಂದು ಕೇಳಿಯೇ ಕೇಳುತ್ತೇನೆ. ಕಾಲೇಜಿನಲ್ಲಿ ಕೇಳಿದ್ದೇನೆ, ಕಚೇರಿಯಲ್ಲಿ ಕೇಳಿದ್ದೇನೆ, ಬೀಗರ ಮನೆಯಲ್ಲಿ ಲಗ್ನದ ಮಾತುಕತೆ ನಡೆಯುವಾಗ ಚಹಾದ ತಟ್ಟೆ ಹಿಡಿದುಕೊಂಡೇ ಕೇಳಿದ್ದೇನೆ. ಜಗಳಗಂಟಿ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಬಂದರೆ ಬರಲಿ. ಆ ಹೆಸರನ್ನು ನಾನು ಬಿಟ್ಟುಕೊಡುವವಳಲ್ಲ.

ಸೋಮವಾರ ಶಾಲೆಯಿಂದ ಬಂದಾಗ ಆಯಿಯ ಟ್ರಂಕು ಅಡಿಗೆಮನೆಯ ನಡುವೆ ಇತ್ತು. ಯಾರೂ ಹೇಳದೆ, ಯಾರ ಸಹಾಯವೂ ಇಲ್ಲದೆ ಅದನ್ನು ಅವಳೇ ಎಳೆದು ತಂದಿದ್ದಳು. ಮೂಲೆಯನ್ನು ಗುಡಿಸಿ, ಸೆಗಣಿಯ ಸಾರಣೆ ಮಾಡಲು ಪುಣೆಯಲ್ಲಿ ಸೆಗಣಿ ಎಲ್ಲಿ ಎಂದು ನೀರಿನಲ್ಲೇ ಒರೆಸಿ, ತನ್ನ ಕೌದಿಗಳನ್ನು ಒಲೆಯ ಪಕ್ಕದ ಗೋಡೆಗೆ ಒಟ್ಟಿದ್ದಳು. ಅವ್ವ ಕಾಯಿಪಲ್ಯದ ಚೀಲ ಕೆಳಗಿಟ್ಟು ಖಾಲಿ ಮೂಲೆಯನ್ನು ನೋಡಿದಳು. "ನಿಮಗ ಒಲಿ ಹೊಗಿ ಆಗಂಗಿಲ್ಲಲ್ರಿ" ಎಂದಳು. "ಆಗತದ" ಎಂದಳು ಆಯಿ. ಅವರಿಬ್ಬರ ನಡುವೆ ಆ ವಿಷಯದ ಬಗ್ಗೆ ನಡೆದ ಮಾತು ಅಷ್ಟೇ. ಅವ್ವ ಆಯಿಯನ್ನು ಕ್ಷಮಿಸಿದಳೆಂದು ಹೇಳಿದರೆ ಓದುವವರಿಗೆ ಹಿತವಾದೀತು, ಆದರೆ ನನಗೆ ಅದು ಗೊತ್ತಿಲ್ಲ. ಆಯಿಗೆ ಬಿಸಿರೊಟ್ಟಿ ಮೊದಲು ಬಡಿಸುವುದನ್ನು ಅವಳು ಯಾವತ್ತೂ ತಪ್ಪಿಸಲಿಲ್ಲ. ಆ ಶಾಲೆಯ ರಸ್ತೆಯಲ್ಲಿ ಕೊನೆಯವರೆಗೂ ನಡೆಯಲಿಲ್ಲ.

ಮಷೀನು ತರಲು ನಾನೂ ಹೋಗಿದ್ದೆ. ಅಂಗಡಿಯವನು ಅವ್ವನ ಹಿಂದೆ, ನನ್ನ ಹಿಂದೆ, ಬಾಗಿಲಿನಾಚೆ ನೋಡಿ, "ಸಾಹೇಬ ಕುಠೇ ಆಹೇತ?" ಎಂದು ಕೇಳಿದ. ಸಾಹೇಬರು ಎಲ್ಲಿ? ಅವ್ವ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, "ಸಾಹೇಬ ಮೀಚ" ಎಂದಳು. ಸಾಹೇಬಳು ನಾನೇ. ಅವನು ಕಕ್ಕಾಬಿಕ್ಕಿಯಾಗಿ ತಿರುಗಣಿಗೆ ಎಣ್ಣೆ ಬಿಟ್ಟು ತೋರಿಸಿದ. ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿದಾಗ ವಾಡೆಯ ಎಲ್ಲ ಮಹಡಿಗಳ ಕಟಾಂಜನದ ಮೇಲೂ ತಲೆಗಳು. ಅಪ್ಪ ಅಂಗಡಿಗೆ ರಜೆ ಹಾಕಿದ್ದ, ಏಕೆಂದು ಹೇಳಿರಲಿಲ್ಲ. ನಾವು ಮೆಟ್ಟಿಲು ಹತ್ತಿ ಬಂದಾಗ ಅವನು ಮಂಚದ ಬೋಲ್ಟುಗಳನ್ನು ಬಿಚ್ಚಿ, ಕಾಲುಗಳನ್ನು ಗೋಡೆಗೆ ಒರಗಿಸಿ, ಕಿಟಕಿಯ ಕೆಳಗೆ ಖಾಲಿಯಾದ ನೆಲದ ಮೇಲೆ ಕಸಬರಿಗೆ ಹಿಡಿದು ನಿಂತಿದ್ದ. ಆಡಿದ ಮಾತಿಗೆ ತಪ್ಪದ ಮನುಷ್ಯ. ಅವನ ಜಗಳವನ್ನು ಇಷ್ಟು ಬರೆದ ಮೇಲೆ ಇದನ್ನೂ ಬರೆಯದಿದ್ದರೆ ನನಗೆ ಊಟ ಸೇರಲಿಕ್ಕಿಲ್ಲ. ಆಮೇಲೆ ಅವನು ನೆಲದ ಮೇಲೆ ಗಾದಿ ಹಾಸಿ ಮಲಗಿದ, ಮೇಲೆ ದಾರಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಪತ್ರಿಕೆಗಳು. ತಲೆನೋವು ಬರಲಿಲ್ಲ.

ಹೆಸರಿನದೊಂದು ಜಗಳ ಬಾಕಿಯಿತ್ತು. ಪತ್ರಿಕೆಯ ಅಡಿಯಲ್ಲಿ ಯಾರ ಹೆಸರು ಹಾಕಬೇಕು? ಶ್ರೀ ಮೈಲಾರಲಿಂಗ ಪ್ರಿಂಟರ್ಸ್ ಎಂದು ಹಾಕು, ಶುಭವಾಗುತ್ತದೆ ಎಂದ ಅಪ್ಪ. ಬೇಕಾದರೆ ಮನೆತನದ ಹೆಸರು ಹಾಕು ಎಂದು ಒಂದು ಮೆಟ್ಟಿಲು ಇಳಿದ. ಅವ್ವ ಕೇಳಿಸಿಕೊಂಡು, ಮಂಚ ಹೋದ ಜಾಗದಲ್ಲಿ ಮೊದಲ ಸಲ ಕುರ್ಚಿ ಹಾಕಿ ಕೂತು, ಟ್ರೇಸಿಂಗ್ ಪೇಪರಿನ ಮೇಲೆ ತನಗೆ ಬೇಕಾದ್ದನ್ನು ಬರೆದಳು. ಆಯಿಯ ಹಳೆಯ ಮೂಲೆಯಲ್ಲಿ ಕೆಂಪು ದೀಪ ಹಚ್ಚಿ ಪರದೆಗೆ ಮಸಾಲೆ ಬಳಿದಳು. ಹಾಳೆಯನ್ನು ಇಡುವ ಮುಂಚೆ ನನ್ನನ್ನು ಕರೆದು, ಯಾವ ಕಡೆಯಿಂದ ಎಂದು ಕೇಳಿದಳು. ಈ ಸಲ ನಾನು ತಪ್ಪಲಿಲ್ಲ. ಪರದೆಯನ್ನು ಬೆಳಕಿಗೆ ಹಿಡಿದು ತೊಳೆದು, ಒಣಗಿಸಿ, ಚೌಕಟ್ಟು ಇಳಿಸಿ, ಶಾಯಿ ಸುರಿದು ರಬ್ಬರಿನ ಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ತನ್ನ ಕಡೆಗೆ ಎಳೆದುಕೊಂಡಳು. ಚೌಕಟ್ಟು ಎತ್ತಿದರೆ ಕೆಳಗೆ ಕೆಂಪು ಅಕ್ಷರ, ದುಂಡಗೆ, ನೆಟ್ಟಗೆ: ಶಾಂತಾ ಪ್ರಿಂಟರ್ಸ್, ಪುಣೆ. ಗಿರಾಕಿಯದಲ್ಲ, ಲಗ್ನದ್ದಲ್ಲ. ಮೊದಲನೆಯದು ಬರೀ ಅವಳ ಹೆಸರು.

ಆ ಮಷೀನು ಹದಿನೇಳು ವರ್ಷ ನಡೆಯಿತು. ಗುರಪ್ಪ ಕಾಕಾನ ಎರಡನೆಯ ಮಗನ ಪತ್ರಿಕೆ, ಎರಡೂ ಮಗ್ಗುಲು, ಅದರಲ್ಲೇ ಆಯಿತು, ಅಡಿಯಲ್ಲಿ ಅವ್ವನ ಹೆಸರಿನೊಂದಿಗೆ. ಕಬ್ಬಿನ ಗದ್ದೆಯಿದ್ದ ಮಗರಪಟ್ಟಾದಲ್ಲಿ ಕಟ್ಟಡಗಳೆದ್ದ ಮೇಲೆ ಅಲ್ಲಿಗೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗಿಯರು ಗೃಹಪ್ರವೇಶದ ಕರೆಯೋಲೆಗೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ನನ್ನ ಮನಸ್ಸು ನಿಲ್ಲುವುದು ಆ ಮೊದಲನೆಯ ಕಾರ್ಡಿನ ಮೇಲೆ.

ಶಾಯಿ ಒಣಗಿದ ಮೇಲೆ ಆಯಿ ಅರಿಶಿನ ಕುಂಕುಮದ ಬಟ್ಟಲು ತಂದು ಕಾರ್ಡಿನ ನಾಲ್ಕು ಮೂಲೆಗೆ ಹಚ್ಚಿದಳು. "ದೇವರ ಮುಂದ ಇಡವಾ" ಎಂದಳು ಅವ್ವನಿಗೆ, ಹೇಳಿದಂತಲ್ಲ, ಬೇಡಿಕೊಂಡಂತೆ. ನಮ್ಮಲ್ಲಿ ಮೊದಲ ಪತ್ರಿಕೆಯನ್ನು ದೇವರಿಗೆ ಇಡುವುದು ಪದ್ಧತಿ; ಎಲ್ಲರೂ ಅಕ್ಷರ ತಮಗೆ ಕಾಣುವಂತೆ ಇಟ್ಟು ಕೈಮುಗಿಯುತ್ತಾರೆ. ಅವ್ವ ಕಾರ್ಡು ತೆಗೆದುಕೊಂಡು ಗೂಡಿನ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಕೈಯಲ್ಲೇ ಸುತ್ತು ತಿರುಗಿಸಿ, ಅಕ್ಷರದ ತಲೆ ನಮ್ಮ ಕಡೆ, ಬುಡ ದೇವರ ಕಡೆ ಬರುವಂತೆ ಇಟ್ಟಳು.

"ಉಲ್ಟಾ ಇಟ್ಟೆಲ್ಲ" ಎಂದ ಅಪ್ಪ.

"ನಿಮಗ ಉಲ್ಟಾ" ಎಂದಳು ಅವ್ವ. "ಅಂವಗ ನೆಟ್ಟಗ ಅದ. ನನ್ನ ಹೆಸರ ಅಂವ ಓದಲಿ."